ಆಂಜನೇಯನಿಗೆ ಬರಬೇಕಾದ ಸಮುದ್ರ

ಜಗಳೂರಿನ ಬಡಗಿ ಆಂಜನೇಯನ ಎಂಟು ತಿಂಗಳ ಕೂಲಿ ಇನ್ನೂ ಬಾಕಿ ಇದೆ. ಆ ಕೂಲಿಯನ್ನು ರೂಪಾಯಿಯಲ್ಲಿ ಮಾತಾಡಿರಲಿಲ್ಲ. ಹಾಯಿದೋಣಿಯಲ್ಲಿ ಒಂದು ಸಲ ಲಕ್ಷದ್ವೀಪಕ್ಕೆ ಹೋಗಿಬರುವುದು, ಅಷ್ಟೇ ಒಪ್ಪಂದ.

ಹದಿನಾಲ್ಕು ವರ್ಷ ಗೋವಾದಲ್ಲಿ ಹಾಯಿದೋಣಿ ರಿಪೇರಿ ಮಾಡಿದವನು ಇವನು. ಹಲಗೆ ಹಾಕಿದ, ತೂತು ಮುಚ್ಚಿದ, ನೀರಿಗಿಳಿಸಿ ದಡದಲ್ಲೇ ಉಳಿದ. ದಡ ಕಾಣದಷ್ಟು ದೂರ ಒಮ್ಮೆಯೂ ಹೋಗಲಿಲ್ಲ. ಇರುವುದು ಅದೊಂದೇ ಆಸೆ.

ಚನ್ನಗಿರಿಯ ಅಡಿಕೆ ವ್ಯಾಪಾರಿ ಗುರುಬಸವರಾಜ್‌ಗೆ ಸಮುದ್ರದ ಹುಚ್ಚು ಹಿಡಿದಾಗ ದೋಣಿ ಆರಿಸಲು ಇವನನ್ನೇ ಕರೆದೊಯ್ದ. ಎರಡು ಹಳೇ ದೋಣಿ ಮಾರಾಟಕ್ಕಿದ್ದವು. ಒಂದು ಬಿಳಿ, ಹಗುರ, ಓಟದ್ದು. ಇನ್ನೊಂದು ಅದರಷ್ಟೇ ಉದ್ದ, ಎರಡು ಪಟ್ಟು ತೂಕ. ಆಳದ ಹೊಟ್ಟೆ, ಅಡಿಯಲ್ಲಿ ಉದ್ದಕ್ಕೂ ಮಗುಚದಂತೆ ಸೀಸದ ಭಾರ. ಆಂಜನೇಯ ಎರಡರೊಳಗೂ ಇಳಿದು, ಹಲಗೆ ಎತ್ತಿ, ಕೊಡತಿಯಿಂದ ಬಡಿದು ನೋಡಿ, ಭಾರದ್ದರ ಮೇಲೆ ಕೈಯಿಟ್ಟ.

"ಇದೇನೋ, ಎಮ್ಮೆ ಇದ್ದಂಗೈತೆ!" ಎಂದ ಗುರುಬಸವರಾಜ್.

"ಎಮ್ಮೇನೇ ಬೇಕು ಸಾವ್ಕಾರ್ರೆ. ದಡದಾಗೆ ಮೆರೆಯಾಕೆ ಆ ಬಿಳೀದು ಸಾಕು. ಅದಕ್ಕೆ ತಿಂಗಳ ನೀರು, ಅಕ್ಕಿ ಹೇರಿದ್ರೆ ಓಟ ಸತ್ತೋತು. ನಡುಸಮುದ್ರದಾಗೆ ಗಾಳಿ ಎದ್ರೆ ಬೆಂಡಿನಂಗೆ ಎಗರತೈತೆ. ಇದು ಕೂತ್ಕಂಡು ಹೋಗತೈತೆ. ಒಳಗಿರೋರು ಅನ್ನ ಬೇಯಿಸ್ಕಂಡು ಉಣಬೌದು."

"ಗಾಳಿ ಕಮ್ಮಿ ಆದ್ರೆ?"

"ಕಾಯ್ರಿ. ಅಡಿಕೆ ರೇಟಿಗೆ ಕಾಯಲ್ವಾ?"

ಸಾವ್ಕಾರ ನಕ್ಕು ಭಾರದ್ದನ್ನೇ ಕೊಂಡ. ಎಂಟು ತಿಂಗಳು ಆಂಜನೇಯ ಅದನ್ನು ಸಿದ್ಧ ಮಾಡಿದ. ಒಳಗೆ ಮಲಗಲು ನಾಲ್ಕು ಮಂಚ ಕೂರಿಸಿ, ನಾಲ್ಕನೆಯದಕ್ಕೆ ತನ್ನ ಅಳತೆಯನ್ನೇ ಇಟ್ಟ. ಜನವರಿಯಲ್ಲಿ ಹೊರಡುವ ದಿನ ಆ ಮಂಚದ ಮೇಲೆ ಸಾವ್ಕಾರನ ಷಡ್ಡಕ ಮಲಗಿದ್ದ. "ಮುಂದಿನ ಸಲ ನೋಡಾನ" ಎಂದ ಸಾವ್ಕಾರ.

ಹಿಂತಿರುಗಿದ ಮೇಲೆ ಗುರುಬಸವರಾಜ್ ಫೋನ್ ಮಾಡಿದ. "ಎರಡು ದಿನ ಬಿರುಗಾಳಿ ಕಣೋ. ನೀ ಹೇಳ್ದಂಗೇ ಕೂತ್ಕಂಡು ಹೋತು."

"ಅನ್ನ ಬೆಂತಾ?" ಎಂದಷ್ಟೇ ಕೇಳಿದ ಆಂಜನೇಯ.

"ಬೆಂತು."

ಆಮೇಲೆ ಎರಡು ಜನವರಿ ಹೋದವು, ಕರೆ ಬರಲಿಲ್ಲ. ಈಗ ಅವನು ಜಗಳೂರಿನಲ್ಲಿ ಬಾಗಿಲು, ಕಿಟಕಿ ಮಾಡುತ್ತಾನೆ. ಆಷಾಢದ ಗಾಳಿ ಮೆಕ್ಕೆಜೋಳ ಮಲಗಿಸುವಾಗ ಉಳಿ ಕೆಳಗಿಟ್ಟು ಬಯಲಿಗೆ ಬಂದು ನಿಲ್ಲುತ್ತಾನೆ, ಎಷ್ಟು ಹಾಯಿ ಇಳಿಸಬೇಕೆಂದು ಯೋಚಿಸುತ್ತಾನೆ. ಅಕ್ಕ ಲಕ್ಷ್ಮಕ್ಕ ಬಿಡುವುದಿಲ್ಲ: "ಹೆಸರು ನೋಡಿದ್ರೆ ಆಂಜನೇಯ. ಸಮುದ್ರ ದಾಟಾಕೆ ಸಾವ್ಕಾರನ ದೋಣಿ ಬೇಕಂತೆ!"

ಅವನಿಗೆ ಯಾರ ಕನಿಕರವೂ ಬೇಡ. ಓದಿದವರೇ, ಚನ್ನಗಿರಿಗೆ ಹೋಗಿ, ಗುರುಬಸವರಾಜನ ಅಡಿಕೆ ಮಂಡಿಯ ಬಾಗಿಲಲ್ಲಿ ಕೂತು ಕೇಳಿ: ಈ ಜನವರಿಗೆ ನಾಲ್ಕನೇ ಮಂಚ ಯಾರದು? ಆಂಜನೇಯನದು ಅನ್ನುವವರೆಗೆ ಏಳಬೇಡಿ.