ಬೇಲಿಯೊಳಗೆ ಉರಿದ ಬೀಡಿ

ವಳ್ಳೂರಿನ ಆಚೆ, ಸೋಲಾರ್ ಪಾರ್ಕಿನ ಒಂದು ಭಾಗದಲ್ಲಿ ನಾನು ಸೇಫ್ಟಿ ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಕೊಟ್ಟದ್ದು ಒಂದು ಹೆಲ್ಮೆಟ್ಟು, ಒಂದು ಪ್ಲಾಸ್ಟಿಕ್ ಟ್ರೇ. ಬೆಳಿಗ್ಗೆ ಗೇಟಿನಲ್ಲಿ ನಿಂತು, ಒಳಗೆ ಹೋಗುವವರ ಬೀಡಿ, ಸಿಗರೇಟು, ಬೆಂಕಿಪೊಟ್ಟಣ, ಗುಟ್ಕಾ, ಹೊಗೆಸೊಪ್ಪು ಎಲ್ಲವನ್ನೂ ಆ ಟ್ರೇಗೆ ಹಾಕಿಸಿಕೊಳ್ಳಬೇಕು. ಸಂಜೆ ಅವರವರದ್ದನ್ನು ಅವರವರಿಗೆ ವಾಪಸು ಕೊಡಬೇಕು. ಹಿಂದಿನ ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿಯ ತುಂಡಿನಿಂದ ಪ್ಯಾನೆಲ್‌ಗಳ ಕೆಳಗಿನ ಒಣಹುಲ್ಲಿಗೆ ಬೆಂಕಿ ಬಿದ್ದು, ಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಂಗಸಿನ ಕಾಲು ಸುಟ್ಟಿತ್ತಂತೆ. ಆಮೇಲೆ ಬಂದ ನಿಯಮ ಅದು. ಅದನ್ನು ನಡೆಸುವುದಕ್ಕೆ ಅಂತಲೇ ಬಂದವಳು ನಾನು.

ನನ್ನೂರು ಬಡವನಹಳ್ಳಿಯ ಹತ್ತಿರ. ಪಾವಗಡದಲ್ಲಿ ಒಂದು ರೂಮು ಮಾಡಿಕೊಂಡಿದ್ದೆ. ಗೇಟಿನಲ್ಲಿ ಬೀಡಿ ಕಿತ್ತುಕೊಳ್ಳುವ ಹುಡುಗಿ ಎಂದು ನನಗೆ ಒಳ್ಳೆಯ ಹೆಸರೇನೂ ಬರಲಿಲ್ಲ. ಗಂಡಸರು ಗೊಣಗುತ್ತಾ ಕೊಡುತ್ತಿದ್ದರು. ಹೆಂಗಸರು ಸೊಂಟದ ಎಲೆಚೀಲ ಬಿಚ್ಚುವುದಕ್ಕೇ ಒಪ್ಪುತ್ತಿರಲಿಲ್ಲ.

"ಬೀಡಿಯಾದ್ರೆ ಬೆಂಕಿ ಮೇಡಮ್ಮಾ, ಒಪ್ಕೋತೀವಿ. ಹೊಗೆಸೊಪ್ಪು ಅಗಿದ್ರೆ ಬಾಯಲ್ಲಿ ಬೆಂಕಿ ಬೀಳ್ತದಾ ಏಮಿ?" ಎಂದು ಹುಲ್ಲು ಕೊಯ್ಯುವವರ ಗುಂಪಿನ ಹಿರಿಯಕ್ಕ ಆ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಕೇಳಿದರು.

"ಬಾಯಿಗೆ ಬೆಂಕಿಗಿಂತ ಕೆಟ್ಟದ್ದೇ ಬೀಳ್ತದೆ ಕಣಕ್ಕಾ. ಕೊಡಿ ಇತ್ಲಾಗೆ" ಎಂದೆ. ಅವರು ನಕ್ಕು ಚೀಲ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಆಕಳಿಸಿ ಆಕಳಿಸಿ ಕಣ್ಣಲ್ಲಿ ನೀರು ಬಂದಿತ್ತು ಅವರಿಗೆ.

ಆ ಜಾಗದ ಮಧ್ಯಾಹ್ನವೇ ಬೇರೆ ಥರದ್ದು. ಸಾಲು ಸಾಲು ಪ್ಯಾನೆಲ್‌ಗಳು, ಒಂದರ ಹಾಗೆ ಇನ್ನೊಂದು. ಗುರುತು ಹಿಡಿಯಲು ಒಂದು ಮರವಿಲ್ಲ. ಇನ್ವರ್ಟರ್ ಮನೆಯ ಗುಂಯ್ ಎನ್ನುವ ಸದ್ದು ಎಲ್ಲ ಕಡೆಯಿಂದಲೂ ಬಂದ ಹಾಗೆ ಕೇಳುತ್ತದೆ. ಪಕ್ಕದ ಸಾಲಿನಲ್ಲಿ ಮಾತಾಡಿದರೆ ದೂರದಲ್ಲಿ ಯಾರೋ ಕರೆದಂತಾಗುತ್ತದೆ. ದೂರದಲ್ಲಿ ಕರೆದರೆ ಕಿವಿಯ ಹತ್ತಿರವೇ ಪಿಸುಗುಟ್ಟಿದಂತಾಗುತ್ತದೆ. ಮೊದಮೊದಲು ನಾನು ಒಬ್ಬಳೇ ಒಳಗೆ ಹೋಗುತ್ತಿರಲಿಲ್ಲ.

ನಾನು ಸೇರಿ ಸ್ವಲ್ಪ ಕಾಲವಾದ ಮೇಲೆ ಹುಲ್ಲು ಕೊಯ್ಯುವ ಹೆಂಗಸರು ತೆಂಕಲ ಕಡೆಯ ಕೊನೆಯ ಸಾಲುಗಳಿಗೆ ಹೋಗುವುದಿಲ್ಲ ಎಂದು ಹಟ ಹಿಡಿದರು. ಕಾರಣ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹಿರಿಯಕ್ಕ ಹೇಳಿದರು: "ಅಲ್ಲಿ ಕೆಮ್ತಾರೆ."

"ಯಾರು?"

"ಅದೇ ಗೊತ್ತಿಲ್ಲ. ಗಂಡಸು ಕೆಮ್ಮಿದಂಗೆ. ಬೀಡಿ ಸೇದೋರ ಕೆಮ್ಮು. ಹೋಗಿ ನೋಡಿದ್ರೆ ಎವರೂ ಇರಲ್ಲ."

ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಹೇಳುತ್ತಿದ್ದಾರೆ ಅಂದುಕೊಂಡೆ. ಅವರಿಗೆ ಧೈರ್ಯ ತೋರಿಸಬೇಕು ಎಂದು ಊಟದ ಹೊತ್ತಿನಲ್ಲಿ ಒಬ್ಬಳೇ ಹೊರಟೆ. ಎಲ್ಲರೂ ಶೆಡ್ಡಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಕೊನೆಯ ಸಾಲಿಗೆ ಬಂದು ಸುಮ್ಮನೆ ನಿಂತೆ. ಗಾಳಿ ಸತ್ತುಹೋಗಿತ್ತು. ಆಗ ನನ್ನ ಎಡಗಡೆ, ನೆಲದಿಂದ ಅಷ್ಟೇನೂ ಎತ್ತರವಲ್ಲದ ಕಡೆಯಿಂದ, ಕುಕ್ಕರಗಾಲಲ್ಲಿ ಕೂತವರು ಕೆಮ್ಮಿದ ಹಾಗೆ ಒಣಕೆಮ್ಮು ಬಂತು. ಮೊದಲು ಸಣ್ಣಗೆ, ಆಮೇಲೆ ಎದೆಯ ಆಳದಿಂದ. ಕೊನೆಗೆ ಗಂಟಲು ಸರಿಮಾಡಿಕೊಂಡ ಸದ್ದು. ಬಗ್ಗಿ ನೋಡಿದೆ. ಪ್ಯಾನೆಲ್‌ಗಳ ಕೆಳಗೆ ಬೇಲಿಯ ತನಕ ಬರೀ ನೆರಳು, ಒಣಹುಲ್ಲು. ನಾನು ಓಡಲಿಲ್ಲ. ಆದರೆ ಶೆಡ್ಡಿಗೆ ಹೇಗೆ ಬಂದೆ ಎನ್ನುವುದೂ ನೆನಪಿಲ್ಲ. ಹಿರಿಯಕ್ಕ ನನ್ನ ಮುಖ ನೋಡಿ ನೀರಿನ ಬಾಟಲಿ ಕೊಟ್ಟರು.

ಆಮೇಲೆ ಒಂದು ದಿನ ಕೆಮ್ಮು ನಿಂತಿತು. ಅದರ ಬದಲು ಹೊಗೆ ಶುರುವಾಯಿತು.

ಕ್ಯಾಮೆರಾ ನೋಡುತ್ತಿದ್ದ ನಮ್ಮ ಸೈಟ್ ಮ್ಯಾನೇಜರು ನನ್ನನ್ನು ಕರೆದು ತೋರಿಸಿದರು. ತೆಂಕಲ ಕೊನೆಯಲ್ಲಿ, ಪ್ಯಾನೆಲ್‌ಗಳ ನಡುವಿಂದ ದಾರದ ಹಾಗೆ ಒಂದು ಎಳೆ ಹೊಗೆ. "ಇದೇನಮ್ಮಾ ನಿಮ್ಮ ಚೆಕಿಂಗು? ಇನ್ನೊಂದು ಸಲ ಬೆಂಕಿ ಬಿದ್ರೆ ನನ್ನ ಕೆಲ್ಸಾನೂ ಹೋಗ್ತದೆ, ನಿಮ್ದೂ ಹೋಗ್ತದೆ" ಎಂದರು. ನಾನು ಹೋಗಿ ನೋಡುವಷ್ಟರಲ್ಲಿ ಹೊಗೆ ಇರಲಿಲ್ಲ. ನೆಲದಲ್ಲಿ ಅರ್ಧ ಹೂತಿದ್ದ ಒಂದು ಚಪ್ಪಡಿ ಕಲ್ಲು. ಅದರ ಮೇಲೆ ಒಂದು ಬೀಡಿ. ದಾರ ಕಟ್ಟಿದ ತನಕ ಉರಿದಿತ್ತು. ಬೂದಿ ಮುರಿಯದೆ ಹಾಗೇ ನಿಂತಿತ್ತು.

ನಮ್ಮಪ್ಪ ಬೀಡಿ ಸೇದುವವರು. ಮಾತಿನಲ್ಲಿ ಮೈಮರೆತರೆ ಬೀಡಿ ಆರಿಹೋಗುತ್ತಿತ್ತು. ಬೈದುಕೊಳ್ಳುತ್ತಾ ಮತ್ತೆ ಮತ್ತೆ ಹೊತ್ತಿಸುತ್ತಿದ್ದರು. ಸಿಗರೇಟಿನ ಹಾಗೆ ಅದು ತಾನೇ ಉರಿಯುವುದಿಲ್ಲ. ಎಳೆಯುತ್ತಾ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೈಯಲ್ಲಿ ಹಿಡಿದು ಸೇದಿದ್ದರೆ ಬೂದಿ ಉದುರಬೇಕಿತ್ತು. ಕಲ್ಲಿನ ಮೇಲೆ ಇಟ್ಟ ಬೀಡಿ ದಾರದ ತನಕ ಉರಿಯುವುದು ಹೇಗೆ?

ಮಾರನೆಯ ದಿನ ಊಟದ ಗಂಟೆಗೆ ಮೊದಲೇ ಹೋಗಿ ಎರಡು ಸಾಲು ಆಚೆ ಪ್ಯಾನೆಲ್ ಕೆಳಗೆ ಕೂತುಕೊಂಡೆ. ಸ್ವಲ್ಪ ಹೊತ್ತಿಗೆ ಒಬ್ಬರು ಬಂದರು. ಪ್ಯಾನೆಲ್ ತೊಳೆಯುವ ಗುಂಪಿನವರು, ಐವತ್ತು ದಾಟಿದವರು, ಮಾತು ಕಡಿಮೆ. ಗೇಟಿನಲ್ಲಿ ನನ್ನ ಟ್ರೇಗೆ ಏನನ್ನೂ ಹಾಕದೆ ಹೋಗುತ್ತಿದ್ದವರು ಇವರೊಬ್ಬರೇ. ಸೇದುವ ಅಭ್ಯಾಸವಿಲ್ಲ ಎನ್ನುತ್ತಿದ್ದರು. ಅವರು ಒರೆಸುವ ಕೋಲಿನ ತುದಿಯ ರಬ್ಬರು ಕಿತ್ತು, ಟೊಳ್ಳು ಕೊಳವೆಯಿಂದ ಒಂದು ಬೀಡಿ, ಒಂದು ಕಡ್ಡಿ, ಪೊಟ್ಟಣದ ಗೀರುವ ಚೂರು ತೆಗೆದರು. ಬೀಡಿ ಹೊತ್ತಿಸಿ, ಹೊಗೆಯನ್ನು ಬಾಯಲ್ಲಿ ಉಳಿಸಿಕೊಳ್ಳದೆ ಉಗುಳಿ, ಕಲ್ಲಿನ ಮೇಲೆ ಇಟ್ಟರು. ಏನೋ ಮೆಲ್ಲಗೆ ಹೇಳಿ, ಕೈಮುಗಿದು, ಹಿಂದಕ್ಕೆ ನೋಡದೆ ಹೊರಟುಹೋದರು.

ಆಗಲೇ ನಾನು ಎದ್ದು ಆ ಬೀಡಿಯನ್ನು ಆರಿಸಬೇಕಿತ್ತು, ಕೆಲಸವೇ ಅದು. ಏಳಲು ಆಗಲಿಲ್ಲ. ಬೀಡಿಯ ತುದಿ ಕೆಂಪಾಯಿತು. ಮಂಕಾಯಿತು. ಮತ್ತೆ ಕೆಂಪಾಯಿತು. ಕೆಂಪಾಗುವಾಗ ಹೊಗೆಯ ಎಳೆ ಕಡಿದುಹೋಗುತ್ತಿತ್ತು. ಸ್ವಲ್ಪ ತಡೆದು, ಕೂತ ಮನುಷ್ಯನ ಮುಖದಷ್ಟು ಎತ್ತರದಲ್ಲಿ, ಒಂದು ಬಾಯಿಯಷ್ಟು ಹೊಗೆ ತಾನಾಗಿ ಚದುರುತ್ತಿತ್ತು. ಪ್ಯಾನೆಲ್ ಕೆಳಗೆ ಗಾಳಿ ಹಾಗೆ ಆಡಿರಬಹುದು. ಇವತ್ತಿಗೂ ಯಾರಾದರೂ ಕೇಳಿದರೆ ಹಾಗೆಯೇ ಹೇಳುತ್ತೇನೆ. ಆದರೆ ನನ್ನ ಕಾಲ ಬಳಿಯ ಹುಲ್ಲು ಅಲುಗಿರಲಿಲ್ಲ.

ಸಂಜೆ ಅವರನ್ನು ಪಕ್ಕಕ್ಕೆ ಕರೆದೆ. "ಅಣ್ಣಾ, ನೋಡ್ದೆ" ಎಂದೆ. ಇನ್ನೇನೂ ಹೇಳಬೇಕಾಗಲಿಲ್ಲ.

"ಅಲ್ಲಿ ನಮ್ಮ ನಾಯ್ನ ಅವ್ರೆ ಮೇಡಮ್ಮಾ" ಎಂದರು. ನಾಯ್ನ ಎಂದರೆ ಆ ಕಡೆಯವರ ಮಾತಿನಲ್ಲಿ ಅಪ್ಪ. "ಅದು ನಮ್ಮ ಹೊಲ. ಲೀಸ್‌ಗೆ ಕೊಟ್ವಿ. ನೆಲ ಸಾಪು ಮಾಡುವಾಗ ಸಮಾಧಿ ಗುಡ್ಡೆ ತೆಗೀಬೇಕಾಯ್ತು, ಗುರ್ತಿಗೆ ಆ ಚಪ್ಪಡಿ ಒಂದು ಬುಟ್ಟವ್ರೆ. ಮೊದ್ಲು ಇಲ್ಲಿ ಆಳುಗಳೆಲ್ಲಾ ಬೀಡಿ ಸೇದೋರು. ಮಧ್ಯಾಹ್ನ ಆದ್ರೆ ಆ ವಾಸನೆ ಇರೋದು. ನೀವು ಬಂದ್ರಿ, ಎಲ್ಲಾ ನಿಲ್ಸಿಬುಟ್ರಿ."

"ಅದಕ್ಕೆ ಕೆಮ್ಮೋಕೆ ಶುರು ಮಾಡಿದ್ರಾ?"

"ನಿಮ್ಗೂ ಕೇಳ್ತಾ?" ಅವರ ಮುಖ ಬದಲಾಯಿತು. "ಅದು ಕೆಮ್ಮಲ್ಲ ಮೇಡಮ್ಮಾ, ಕರಿಯೋದು. ಬೀಡಿ ಬೇಕಾದ್ರೆ ನಾಯ್ನ ಬಾಯ್ಬುಟ್ಟು ಕೇಳ್ತಿರ್ಲಿಲ್ಲ. ಕೆಮ್ಮೋರು. ನಾವೇ ಎದ್ದು ತಂದ್ಕೊಡ್ಬೇಕು."

ಸುಟ್ಟ ಕಾಲಿನ ಹೆಂಗಸು ನೆನಪಾದರು. ಅವರು ಈಗಲೂ ಕುಂಟುತ್ತಲೇ ಕೆಲಸಕ್ಕೆ ಬರುತ್ತಿದ್ದರು. "ಅಣ್ಣಾ, ಬೇಡ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ. ಆದ್ರೆ ಇಲ್ಲಿ ಆಗಲ್ಲ. ಹುಲ್ಲು ನೋಡಿ ಹೆಂಗೆ ಒಣಗೈತೆ. ನಿಮ್ಮ ನಾಯ್ನನ್ನ ಬೇಲಿಯಿಂದ ಆಚೆಗೆ ಕರ್ಕೊಂಡು ಹೋಗೋಕಾಗಲ್ವಾ?"

ಅವರು ನನ್ನನ್ನೇ ನೋಡಿದರು. "ಬರ್ತಾರೋ ಇಲ್ವೋ. ನಮ್ಮಕ್ಕನ್ನ ಕೇಳ್ತೀನಿ" ಎಂದರು.

ಮ್ಯಾನೇಜರಿಗೆ ಹೆಸರು ಹೇಳಲಿಲ್ಲ. ಒಂದು ಸಮಾಧಿಯ ಕಲ್ಲಿದೆ, ಮನೆಯವರು ತೆಗೆದುಕೊಂಡು ಹೋಗುತ್ತಾರೆ, ಹೊಗೆ ನಿಲ್ಲುತ್ತದೆ ಎಂದಷ್ಟೇ ಹೇಳಿದೆ. "ಯಾರು ಏನು ಅಂತ ನಂಗೆ ಬೇಡಮ್ಮಾ. ಹೊಗೆ ಕಾಣ್ಬಾರ್ದು ಅಷ್ಟೆ" ಎಂದು ಒಪ್ಪಿದರು. ಗೇಟಿನ ಹೊರಗೆ ಈಚೆಗೆ, ಬಿಡುವಿನಲ್ಲಿ ಟ್ರೇಯಿಂದ ಬೀಡಿ ಪಡೆದು ಸೇದುವವರು ಸೇದಲಿ ಎಂದು ತಗಡಿನ ಚಾವಣಿ ಹಾಕಿ, ಮರಳಿನ ಬಕೆಟ್ ಇಟ್ಟು ಒಂದು ಜಾಗ ಮಾಡಿಸಿದ್ದರು. ಅದರ ಪಕ್ಕದಲ್ಲೇ ಕಲ್ಲನ್ನು ಇಟ್ಟುಕೊಳ್ಳಿ ಎಂದರು.

ಒಂದು ಸೋಮವಾರ ಬೆಳಿಗ್ಗೆ ಆ ಅಣ್ಣನ ಅಕ್ಕ ಬಂದರು. ತುಂಬ ವಯಸ್ಸಾದ, ತೆಳ್ಳಗಿನ ಹೆಂಗಸು. ಇಬ್ಬರೂ ಸೇರಿ ಕಲ್ಲು ಕಿತ್ತರು, ಅದರ ಕೆಳಗಿನ ಮಣ್ಣನ್ನು ಒಂದು ಹಿಡಿ ಟವೆಲಿಗೆ ಕಟ್ಟಿಕೊಂಡರು. ತಮ್ಮನ ತಲೆಯ ಮೇಲೆ ಕಲ್ಲು. ಅಕ್ಕ ಮುಂದೆ ಮುಂದೆ ನೀರು ಚಿಮುಕಿಸುತ್ತಾ, "ರಾ ನಾಯ್ನಾ, ಬಾ ಹೋಗಾಮು" ಎಂದು ಮಗುವನ್ನು ಕರೆಯುವಂತೆ ಕರೆಯುತ್ತಾ ನಡೆದರು. ಹೆಲ್ಮೆಟ್ಟು, ಹೊಳೆಯುವ ಜಾಕೆಟ್ಟು ಹಾಕಿಕೊಂಡು ನಾನು ಹಿಂದೆ ನಡೆದೆ. "ಯಾರೂ ಹಿಂದಕ್ಕೆ ತಿರುಗ್ಬ್ಯಾಡ್ರಿ" ಎಂದು ಅಕ್ಕ ಮೊದಲೇ ಹೇಳಿದ್ದರು.

ದಾರಿಗೆ ಜಲ್ಲಿ ಹಾಕಿದ್ದರು. ನನ್ನ ಹಿಂದೆ ಜಲ್ಲಿಯ ಮೇಲೆ ಇನ್ನೊಂದು ನಡಿಗೆ ಕೇಳಿಸುತ್ತಿತ್ತು. ಕಾಲೆಳೆದು, ನಿಧಾನಕ್ಕೆ. ಸೆಕ್ಯುರಿಟಿಯವನು ಇರಬೇಕು ಅಂದುಕೊಂಡೆ. ಸಾಲು ದಾಟಿ ತಿರುವಿಗೆ ಬಂದಾಗ ಸೆಕ್ಯುರಿಟಿಯವನು ಎದುರಿಗೇ, ಗೇಟು ತೆಗೆದು ಹಿಡಿದು ನಿಂತಿದ್ದ. ಅವನು ನಮ್ಮನ್ನು ನೋಡಲಿಲ್ಲ. ನನ್ನ ಭುಜದ ಆಚೆ ಏನನ್ನೋ ನೋಡಿ ತಲೆ ತಗ್ಗಿಸಿದ. ಗೇಟು ದಾಟಿದ ಮೇಲೆ ಆ ನಡಿಗೆ ನಿಂತಿತು. ಅವನನ್ನು ಆಮೇಲೆ ಎಷ್ಟು ಕೇಳಿದರೂ, "ಏನಿಲ್ಲ ಮೇಡಮ್, ಬಿಸಿಲು ಕಣ್ಣಿಗೆ ಹೊಡೀತು" ಎಂದನೇ ಹೊರತು ಬೇರೆ ಮಾತಿಲ್ಲ.

ಒಳಗೆ ಹೊಗೆ ಕಾಣಲಿಲ್ಲ. ಹೆಂಗಸರು ತೆಂಕಲ ಸಾಲುಗಳಿಗೆ ಹೋಗತೊಡಗಿದರು. ಆದರೆ ಹೊರಗಿನ ತಗಡಿನ ನೆರಳಿಗೆ ಗಂಡಸರು ಬರುವುದು ಕಡಿಮೆಯಾಯಿತು. ನಾನು ವಿಚಾರಿಸಿದಾಗ ಒಬ್ಬ ಡ್ರೈವರ್ ಹೇಳಿದ: "ಅಲ್ಲಿ ಕೂತ್ರೆ ಬೀಡಿ ಬಾಳಲ್ಲ ಮೇಡಮ್. ಎರಡು ದಮ್ ಎಳಿಯೋಷ್ಟ್ರಲ್ಲಿ ಬೆರಳು ಸುಡ್ತದೆ. ಅರ್ಧ ಯಾರೋ ಎಳ್ದಂಗೆ." ಮೊದಲು ನಗಾಡಿದವರೂ ಒಂದೆರಡು ಸಲ ಅಲ್ಲಿ ಕೂತು ಬಂದ ಮೇಲೆ ನಗಲಿಲ್ಲ. ದೂರ ಹೋಗಿ ಸೇದಲು ಬಿಡುವಿರಲಿಲ್ಲ. ಕೆಲವರು ಮನೆಗೆ ಹೋಗಿಯೇ ಸೇದುತ್ತೇವೆ ಎಂದರು. ಆ ಡ್ರೈವರ್ ಪೂರ್ತಿ ಬಿಟ್ಟೇಬಿಟ್ಟ. ನನ್ನ ಟ್ರೇಗೆ ಬೀಳುವುದು ಕಡಿಮೆಯಾಗಿ, ಮ್ಯಾನೇಜರು ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ಹೊಗಳಿಕೆ ಕೇಳಿಸಿಕೊಳ್ಳುವಾಗ, ಆ ತಗಡಿನ ಚಾವಣಿ ಕಾಣುವ ಕಿಟಕಿಯ ಕಡೆ ನೋಡದೆ ಕೂತಿದ್ದೆ.

ಹಿರಿಯರಿಗೆ ಎಡೆ ಇಡುವ ಪಕ್ಷ ಬಂತು. ಆ ಅಣ್ಣ, ಅವರ ಅಕ್ಕ ಸಂಜೆ ಕಲ್ಲು ತೊಳೆದು, ಬಾಳೆ ಎಲೆಯ ಮೇಲೆ ಅನ್ನ, ಸಾರು, ವಡೆ ಬಡಿಸಿದರು. ನನ್ನನ್ನೂ ಕರೆದಿದ್ದರು. ಮನೆಯಲ್ಲಾದರೆ ಎಡೆ ಇಟ್ಟು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ, ಹಿರಿಯರು ಬಂದು ಉಣ್ಣಲಿ ಎಂದು. ಇಲ್ಲಿ ಮುಚ್ಚುವುದಕ್ಕೆ ಬಾಗಿಲಿಲ್ಲ. "ಎಲ್ರೂ ಅತ್ಲಾಗೆ ತಿರುಗ್ಕಳ್ರಿ" ಎಂದರು ಅಕ್ಕ.

ತಿರುಗಿದೆ. ನನ್ನ ಎದುರಿಗೆ ಸೆಕ್ಯುರಿಟಿ ಕ್ಯಾಬಿನ್ನಿನ ಕಪ್ಪು ಗಾಜಿನ ಕಿಟಕಿ ಇತ್ತು. ನಮ್ಮ ಬೆನ್ನ ಹಿಂದಿನದೆಲ್ಲ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು: ತಗಡಿನ ಚಾವಣಿ, ಬಾಳೆ ಎಲೆ, ದೀಪ. ದೀಪದ ಬೆಳಕು ಒಂದು ಕಡೆಯಿಂದ ಮರೆಯಾಗಲು ಶುರುವಾಯಿತು, ಅದರ ಮುಂದೆ ಯಾರೋ ಕೂರುತ್ತಿರುವ ಹಾಗೆ. ನೋಡಬೇಕು ಅಂತ ಅನಿಸಿತು. ನನ್ನ ಪಕ್ಕದಲ್ಲಿ ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು. ನಾನೂ ಕಣ್ಣು ಮುಚ್ಚಿಕೊಂಡೆ.

ಎಷ್ಟೋ ಹೊತ್ತಿನ ಮೇಲೆ ಅಕ್ಕ, "ಸಾಕು, ತಿರುಗ್ರಮ್ಮಾ" ಎಂದರು. ಎಲೆಯಿಂದ ಒಂದು ವಡೆ ಎತ್ತಿ ನನ್ನ ಕೈಗಿಟ್ಟು, "ತಿನ್ನು ತಾಯಿ. ನಿನ್ಮೇಲೆ ನಾಯ್ನಗೆ ಕೋಪ ಇಲ್ಲ" ಎಂದರು. ನಿಂತಲ್ಲೇ ತಿಂದೆ.