ನಕ್ಷೆಯ ಮೇಲೊಂದು ಹೆಚ್ಚಿನ ಬೊಟ್ಟು

ಕಣ್ಣಾರೆ ಕಂಡದ್ದು, ರಿಜಿಸ್ಟರಿನಲ್ಲಿ ಬರೆದದ್ದು, ಇವೆರಡನ್ನು ಬಿಟ್ಟು ಬೇರೇನನ್ನೂ ನಂಬದ ಮನುಷ್ಯ ನಾನು. ದೆವ್ವದ ಕಥೆ ಹೇಳಬಂದವರನ್ನು ಗೇಲಿ ಮಾಡಿ ಕಳಿಸುತ್ತಿದ್ದೆ. ಈಗ ನೀವು ನನ್ನನ್ನೇ ಗೇಲಿ ಮಾಡಿದರೂ ಬೇಸರವಿಲ್ಲ.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಹೊಳೆನರಸೀಪುರ ತಾಲ್ಲೂಕಿನ ಕ್ಷಯರೋಗಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಾಯಿಲೆ ಎಲ್ಲಿ ಹೆಚ್ಚಿದೆಯೆಂದು ಒಂದೇ ನೋಟಕ್ಕೆ ತಿಳಿಯಲಿ ಎಂದು ತಾಲ್ಲೂಕಿನ ನಕ್ಷೆ ಬರೆದು ಕಚೇರಿಯ ಗೋಡೆಗೆ ಹಾಕಿದ್ದೆ. ಒಬ್ಬ ರೋಗಿಗೆ ಒಂದರಂತೆ, ಹೆಂಡತಿಯ ಸ್ಟಿಕ್ಕರ್ ಬೊಟ್ಟು ಕದ್ದು ತಂದು ಅಂಟಿಸುತ್ತಿದ್ದೆ. ಬೊಟ್ಟಿರುವ ಊರಿಗೆ ಓಡುತ್ತಿದ್ದೆ. ಬೊಟ್ಟಿಲ್ಲದ ಊರಿನವರು ಗಟ್ಟಿಮುಟ್ಟಾಗಿದ್ದಾರೆಂದು ಅತ್ತ ತಲೆಯೇ ಹಾಕುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಹಳ್ಳಿಮೈಸೂರಿನ ಆಚೆಯ ಸಣ್ಣದೊಂದು ಊರಿನ ಮೇಲೆ ಬೊಟ್ಟು! ರಿಜಿಸ್ಟರ್ ತಿರುವಿದೆ, ಆ ಊರಿನವರ ಹೆಸರೇ ಇಲ್ಲ. ಉಳಿದ ಬೊಟ್ಟುಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಯಾರದೋ ಕಿತಾಪತಿ ಎಂದು ಸಿಟ್ಟು ಬಂತು. ಕಿತ್ತೆಸೆದು, ಸಂಜೆ ಬೀಗ ಹಾಕಿ, ಇದ್ದ ಒಂದೇ ಬೀಗದ ಕೈಯನ್ನು ಮನೆಗೊಯ್ದೆ. ಮಾರನೆಯ ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ಬೊಟ್ಟು.

ತಡೆಯಲಾಗದೆ ಮೊಪೆಡ್ ಹತ್ತಿ ಆ ಊರಿಗೆ ಹೋದೆ. ಇಲ್ಲಿ ಕೆಮ್ಮುವವರು ಯಾರೂ ಇಲ್ಲವೆಂದು ಅಂಗನವಾಡಿಯಾಕೆ ಹೇಳಿದರು. ವಾಪಸು ಹೊರಟಾಗ, ಕೊನೆಯ ಮನೆಯ ಹಿತ್ತಲಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ಕೆಮ್ಮುತ್ತಿದ್ದ ಹೆಂಗಸು ಕಂಡಳು. ಜಯಮ್ಮ ಅಂತ ಹೆಸರು. ಸೆರಗಿನಲ್ಲಿ ರಕ್ತದ ಕಲೆಯಿತ್ತು. ನಾನು ಯಾರೆಂದು ತಿಳಿದದ್ದೇ ಅವಳ ಮುಖ ಬಿಳಿಚಿಕೊಂಡಿತು. ಮಗಳಿಗೆ ಗಂಡು ಗೊತ್ತಾಗಿತ್ತು. ಕಾಯಿಲೆಯ ಸುದ್ದಿ ಬೀಗರ ಕಿವಿಗೆ ಬಿದ್ದರೆ ಸಂಬಂಧ ಮುರಿಯುತ್ತದೆಂದು ಗಂಡನಿಗೂ ಹೇಳದೆ ತಿಂಗಳುಗಟ್ಟಲೆ ನುಂಗಿಕೊಂಡಿದ್ದಳು.

“ಯಾರ್ಗೂ ಏಳಿಲ್ವಲ್ಲ ಸಾ, ನಿಮ್ಗ್ಯಾರು ಏಳುದ್ರು?” ಎಂದಳು.

ಬೊಟ್ಟು ಹೇಳಿತು ಎನ್ನಲೇ? ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಮಾತು ಕೊಟ್ಟೆ. ಕಫ ಪರೀಕ್ಷೆಯಲ್ಲಿ ಕ್ಷಯವೇ ಎಂದು ತಿಳಿಯಿತು. ವಾರಕ್ಕೆ ಮೂರು ಸಲ ಏನಾದರೊಂದು ನೆಪ ಹೇಳಿ ಹಳ್ಳಿಮೈಸೂರಿನ ಆಸ್ಪತ್ರೆಗೆ ಬಂದು ಮಾತ್ರೆ ನುಂಗಿದಳು. ಪುಣ್ಯಾತ್ಗಿತ್ತಿ, ಒಂದು ದಿನವೂ ತಪ್ಪಿಸಲಿಲ್ಲ. ಪೂರ್ತಿ ವಾಸಿಯಾಯಿತು.

ಆ ಬೊಟ್ಟು ಅಂಟಿಸಿದವರು ಯಾರು? ಹೆಂಡತಿಯನ್ನು ಕೇಳಿದೆ, ಕಚೇರಿಯವರನ್ನೆಲ್ಲ ಕೇಳಿದೆ. ಎಷ್ಟು ತಲೆ ಕೆರೆದುಕೊಂಡರೂ ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದಾಚೆಗೆ ಬೊಟ್ಟಿಲ್ಲದ ಊರುಗಳಿಗೇ ಮೊದಲು ಹೋಗತೊಡಗಿದೆ, ಅಷ್ಟು ಗೊತ್ತು.

ಮಗಳ ಮದುವೆಗೆ ಜಯಮ್ಮ ನನ್ನನ್ನು ಮರೆಯದೆ ಕರೆದಳು. ಹೊಟ್ಟೆ ತುಂಬ ಉಂಡೆ, ಮನಸ್ಸೂ ತುಂಬಿತ್ತು. ಇನ್ನೊಂದು ಒಬ್ಬಟ್ಟು ಬಡಿಸುವ ನೆಪದಲ್ಲಿ ಜಯಮ್ಮ ನನ್ನ ಎಲೆಯ ಮುಂದೆ ಬಗ್ಗಿ ಮೆಲ್ಲಗೆ ಹೇಳಿದಳು:

“ಪಕ್ಕದ್ಮನೆ ನಿಂಗಮ್ಮನೂ ಕೆಮ್ತಾವ್ಳೆ ಸಾ. ಈ ಸಲ ನಾನೇ ಏಳ್ತಾ ಇವ್ನಿ.”