ಒಂದೇ ಕರುಳಿನ ಎರಡು ಡಬ್ಬಿ

೨೦೨೫ರ ಮಾರ್ಚ್ ೧೪, ಶುಕ್ರವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಮೂರನೆಯ ಮಹಡಿಯ ಬಾಗಿಲೊಂದರ ಮುಂದೆ ಐಸ್ ಪೆಟ್ಟಿಗೆ ಇಳಿಸಿ ಡಬ್ಬಿಯಕ್ಕ ಏದುಸಿರು ಬಿಡುತ್ತಾರೆ. ಬೇರೆ ದಿನವಾಗಿದ್ದರೆ ಬಾಗಿಲು ತಟ್ಟಿ, "ನೂರಾ ಹದಿನೇಳು, ನೂರಾ ಹದಿನೆಂಟು!" ಎಂದು ಕೂಗುತ್ತಿದ್ದರು. ಇವತ್ತು ಈ ಮನೆಯವರನ್ನು ತರಾಟೆಗೆ ತೆಗೆದುಕೊಳ್ಳಲೆಂದೇ ಬಂದಿದ್ದಾರೆ.

ಡಬ್ಬಿಯಕ್ಕ ಮನೆಮನೆಯಿಂದ ಮಲದ ಮಾದರಿ ತರುವವರು. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವ ಇನ್ನೂರು ಜನರನ್ನು ಪ್ರಯೋಗಾಲಯವೊಂದು ಐದು ವರ್ಷ ಗಮನಿಸುತ್ತಿದೆ. ಪ್ರತಿಯೊಬ್ಬರೂ ತಿಂಗಳಿಗೊಂದು ಡಬ್ಬಿ ಕೊಡಬೇಕು. ಗುಟ್ಟು ಕಾಯಲು ಹೆಸರಿನ ಬದಲು ನಂಬರು. ದಿನಕ್ಕೆ ಎಂಟು-ಹತ್ತು ಡಬ್ಬಿ, ಸ್ಕೂಟರಿನಲ್ಲಿ ಹದಿನಾಲ್ಕು ಕಿಲೋಮೀಟರ್. ಮೊದಲ ಡಬ್ಬಿ ಕೈಗೆ ಬಂದ ಎರಡು ಗಂಟೆಯೊಳಗೆ ಎಲ್ಲವೂ ಫ್ರೀಜರ್ ಸೇರಬೇಕು.

"ಕೆಲವರಿಗೆ ನಾನು ಬಾಗಿಲು ತಟ್ಟಿದ್ಮೇಲೇನೇ ಆಗೋದು. ಅಲ್ಲಿವರೆಗೂ ಮೆಟ್ಟಿಲ ಮೇಲೆ ಕಾಯ್ತಾ ಕೂತಿರ್ತೀನಿ," ಎಂದು ನಗುತ್ತಾರೆ. ವಯಸ್ಸು ನಲವತ್ತೇಳು. ಮೊದಲು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನೆಲ ಒರೆಸಿದವರು. ಈ ಕೆಲಸಕ್ಕೆ ಸೇರಿದಾಗ ಅತ್ತೆ ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಗಂಡ ಇವತ್ತಿಗೂ ಅಕ್ಕಪಕ್ಕದವರಿಗೆ "ನಮ್ಮವಳು ಕೊರಿಯರ್‌ನಲ್ಲಿದಾಳೆ" ಅನ್ನುತ್ತಾರೆ. "ಸುಳ್ಳೇನಲ್ಲ ಬಿಡಿ," ಎನ್ನುವುದು ಹೆಂಡತಿಯ ಸಮಜಾಯಿಷಿ.

ತಾನು ಹೊರುವುದು ಏನೆಂದು ಅವರು ಲ್ಯಾಬಿನವರನ್ನು ಕೇಳಿಕೇಳಿ ತಿಳಿದುಕೊಂಡಿದ್ದಾರೆ. ಪಿತ್ತಜನಕಾಂಗ ತಯಾರಿಸುವ ಪಿತ್ತಾಮ್ಲಗಳು ಕರುಳಿಗಿಳಿದು ಜಿಡ್ಡು ಜೀರ್ಣವಾಗಲು ನೆರವಾಗುತ್ತವೆ. ಬಹುಪಾಲು ಮತ್ತೆ ಪಿತ್ತಜನಕಾಂಗಕ್ಕೇ ಮರಳುತ್ತವೆ. ಉಳಿದ ಅಲ್ಪಸ್ವಲ್ಪವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಬೇರೆ ರೂಪಕ್ಕೆ ಬದಲಾಯಿಸುತ್ತವೆ, ಮತ್ತು ಸಕ್ಕರೆ, ಕೊಬ್ಬುಗಳನ್ನು ಹೇಗೆ ನಿಭಾಯಿಸಬೇಕೆಂದು ದೇಹಕ್ಕೆ ಸೂಚನೆ ಕೊಡುವುದರಲ್ಲಿ ಆ ರೂಪಗಳಿಗೂ ಪಾಲಿದೆ. ಡಬ್ಬಿ ಬೆಚ್ಚಗಾದರೆ ಬ್ಯಾಕ್ಟೀರಿಯಾಗಳು ಅಲ್ಲಿಯೂ ಸುಮ್ಮನಿರುವುದಿಲ್ಲ. ಅದಕ್ಕೇ ಈ ಧಾವಂತ.

ಕಳೆದ ವಾರ ಲ್ಯಾಬಿನ ಮೇಡಂ ಡಬ್ಬಿಯಕ್ಕನನ್ನು ಕರೆಸಿದ್ದರು. ನೂರಾ ಹದಿನೇಳು ಮತ್ತು ನೂರಾ ಹದಿನೆಂಟು ಗಂಡ-ಹೆಂಡತಿ. ಈಚಿನ ಅವರ ಡಬ್ಬಿಗಳಲ್ಲಿ ಅದೇ ಬ್ಯಾಕ್ಟೀರಿಯಾ, ಅದೇ ಪಿತ್ತಾಮ್ಲ, ಅದೇ ಪ್ರಮಾಣ. "ಒಂದೇ ಮನೆ ಊಟ ಮಾಡಿದ್ರೂ ಇಷ್ಟು ಹೋಲಿಕೆ ಬರಲ್ಲ. ಗಂಡನದ್ದನ್ನೇ ಎರಡಕ್ಕೂ ಹಾಕಿದಾರೆ. ಹಿಂದಿನವು ಬೇರೆ ಥರ ಕಂಡ್ರೂ ಆ ಹೆಂಗಸಿನದ್ದೇ ಅಂತ ನಂಬೋದು ಹೇಗೆ? ಯಾವತ್ತಿಂದ ಅಂತ ಗೊತ್ತಾಗದಿದ್ರೆ ಆ ಹೆಂಗಸಿನ ಮೂವತ್ತೊಂದು ಡಬ್ಬೀನೂ ಸುಡಬೇಕಾಗುತ್ತೆ," ಎಂದರು ಮೇಡಂ. ಎರಡು ವರ್ಷದಲ್ಲಿ ಸಕ್ಕರೆ ಚೆನ್ನಾಗಿ ಇಳಿದ ಕೆಲವೇ ಮಂದಿಯಲ್ಲಿ ಆ ಹೆಂಗಸೂ ಒಬ್ಬರು. ಕರುಳಲ್ಲಿ ಏನು ಬದಲಾಯಿತೆಂದು ಹೇಳಬಹುದಾದದ್ದು ಆ ಡಬ್ಬಿಗಳು ಮಾತ್ರ.

ನಂಬರು ಕೂಗದೆ ತಟ್ಟಿದ ಬಾಗಿಲು ತೆರೆಯುತ್ತದೆ. ಎಪ್ಪತ್ತು ದಾಟಿದ ಟೈಲರ್ ಯಜಮಾನರು ಎರಡೂ ಕೈಯಲ್ಲಿ ಡಬ್ಬಿ ಹಿಡಿದು ನಿಂತಿದ್ದಾರೆ.

"ಇದೇನು ಯಜಮಾನ್ರೇ, ನಮಗೇ ಟೋಪಿ ಹಾಕ್ತೀರಾ? ಎರಡೂ ನಿಮ್ಮದೇ ಅಂತೆ! ಅಮ್ಮನಿಗೆ ಸೋಮಾರಿತನ ಬಂತಾ? ಕರೀರಿ ಅವರನ್ನ."

"ಮೆತ್ತಗೆ ಮಾತಾಡು ತಾಯಿ."

"ಮಲಗಿದಾರಾ?"

ಯಜಮಾನರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಒಳಗೆ ಒಂದು ಮಂಚ. ಅರ್ಧಕ್ಕೆ ಹಾಸಿಗೆ ಬಿಡಿಸಿದೆ, ಇನ್ನರ್ಧದಲ್ಲಿ ಮಡಿಸಿದ ಸೀರೆಗಳ ಅಟ್ಟಿ.

"ನವೆಂಬರ್ ಇಪ್ಪತ್ಮೂರು," ಎನ್ನುತ್ತಾರೆ ಅವರು. "ಮಗಳ ಮನೇಲಿದ್ವಿ. ಎದೆ ಹಿಡ್ಕೊಂಡಂಗಾಗುತ್ತೆ ಅಂದ್ಲು. ಆಸ್ಪತ್ರೆ ಮುಟ್ಟಲಿಲ್ಲ."

ಡಬ್ಬಿಯಕ್ಕ ಚೀಲದಿಂದ ಡಬ್ಬಿಗಳ ಲೆಕ್ಕದ ಹಾಳೆ ತೆಗೆಯುತ್ತಾರೆ. ಕೊಡುವವರು ಖುದ್ದಾಗಿ ಎದುರಿದ್ದರು ಎಂದು ಬರೆದಿರುವ ಜಾಗದಲ್ಲಿ ತಿಂಗಳು ತಿಂಗಳೂ ಸರಿ ಗುರುತು ಹಾಕಿದ್ದು ಅವರೇ. ಹೊತ್ತಾಗುತ್ತದೆಂದು, ಯಜಮಾನರು ಚಾಚಿದ ಕೈಯಿಂದಲೇ ಎರಡೂ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದಿದ್ದರು.

"ನಂಗೊಂದು ಮಾತು ಹೇಳಬಾರದಿತ್ತಾ?"

"ಡಿಸೆಂಬರಲ್ಲಿ ಹೇಳೋಣ ಅಂತಲೇ ಬಾಗಿಲು ತೆಗೆದೆ. ನೀನು ಎರಡೂ ನಂಬರ್ ಕೂಗಿದೆ. ಈ ಕಟ್ಟಡದಲ್ಲಿ ಅವಳನ್ನ ಕೇಳಿದೋಳು ನೀನೊಬ್ಬಳೇ ಕಣಮ್ಮ. ಇಲ್ಲ ಅನ್ನೋಕೆ ಬಾಯೇ ಬರಲಿಲ್ಲ. ಸ್ವಲ್ಪ ತಾಳು ಅಂತ ಒಳಗೆ ಹೋಗಿ, ನನ್ನದ್ರಲ್ಲೇ ಅರ್ಧ... ಆಮೇಲೆ ಅದೇ ಅಭ್ಯಾಸ ಆಯ್ತು."

ಡಬ್ಬಿಯಕ್ಕ ಮಂಚದ ತುದಿಯಲ್ಲಿ ಕುಳಿತು, ಮೇಡಂ ಹೇಳಿದ್ದನ್ನೆಲ್ಲ ಬಿಡಿಸಿ ಹೇಳುತ್ತಾರೆ.

"ಅವಳದ್ದನ್ನೂ ಸುಡ್ತಾರಾ?"

"ನೀವು ನಿಜ ಬರೆದುಕೊಟ್ರೆ ಸುಡಲ್ಲ. ನವೆಂಬರ್ ಡಬ್ಬಿ ಯಾರದ್ದು?"

"ಅವಳದ್ದೇ. ಚೀಟಿ ಓರೆಯಾಗಿ ಅಂಟಿಸ್ದೆ ಅಂತ ನನಗೆ ಬೈದು, ಕಿತ್ತು ತಾನೇ ನೆಟ್ಟಗೆ ಅಂಟಿಸಿದ್ಲು. 'ನನ್ನ ಹೊಟ್ಟೆ ವಿಷಯ ಓದೋರು ಒಬ್ರಾದ್ರೂ ಇದಾರಲ್ಲ' ಅಂತ ನಗೋಳು."

ಅವರು ಬರೆಯುತ್ತಾರೆ, ನಿಧಾನವಾಗಿ, ಬಟ್ಟೆಗೆ ಗುರುತು ಹಾಕುವಂತೆ: ಡಿಸೆಂಬರ್, ಜನವರಿ, ಫೆಬ್ರವರಿ ನನ್ನವು, ಅದಕ್ಕೂ ಹಿಂದಿನವೆಲ್ಲ ನನ್ನ ಹೆಂಡತಿಯವು. ಆ ಸಾಲಿನ ಕೆಳಗೆ ಡಬ್ಬಿಯಕ್ಕ ತಮ್ಮದೂ ಒಂದು ಸಾಲು ಸೇರಿಸುತ್ತಾರೆ: ಮೂರು ತಿಂಗಳು ನಾನು ಮುಖ ನೋಡದೆ ಗುರುತು ಹಾಕಿದ್ದೇನೆ. ಇವತ್ತಿನ ಎರಡು ಡಬ್ಬಿಗಳಲ್ಲಿ ನೂರಾ ಹದಿನೇಳನ್ನು ಮಾತ್ರ ಐಸ್ ಪೆಟ್ಟಿಗೆಗೆ ಹಾಕಿಕೊಳ್ಳುತ್ತಾರೆ. ತಾವು ಬರೆದ ಸಾಲಿಗಾಗಿ ಕೆಲವು ದಿನಗಳ ಮೇಲೆ ಲ್ಯಾಬಿನಿಂದ ಅವರಿಗೆ ಎಚ್ಚರಿಕೆ ಪತ್ರ ಬರುತ್ತದೆ. ಬಂದದ್ದನ್ನು ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಎರಡೂವರೆ ವರ್ಷ ಡಬ್ಬಿ ಬೆಚ್ಚಗಾಗದ ಹಾಗೆ ನೋಡ್ಕೊಂಡೆ. ಮನುಷ್ಯರನ್ನ ನೋಡಲಿಲ್ಲ," ಎನ್ನುತ್ತಾರೆ. ಅವರ ಆಸೆ ದೊಡ್ಡದೇನಲ್ಲ: ಮನೆಯೊಂದಕ್ಕೆ ಐದು ನಿಮಿಷ ಹೆಚ್ಚು ಕೊಡಿ ಎಂದು ಮೇಡಂ ಅವರನ್ನು ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಮೂರು ಡಬ್ಬಿ ಸುಟ್ಟರು. ನೂರಾ ಹದಿನೆಂಟರ ಹೆಸರಿನಲ್ಲಿ ಇಪ್ಪತ್ತೆಂಟು ಉಳಿದಿವೆ. ಕೊನೆಯದು ನವೆಂಬರ್ ಹದಿನಾಲ್ಕರದು. ತೂಕ ಮೂವತ್ತೆಂಟು ಗ್ರಾಂ.